ನಗರದ ಬೆಳಕೂ ನೀಹಾರಿಕೆಯ ಬೆಳಕೂ

ಬೆಂಗಳೂರಿನ ವೈಟ್‌ಫೀಲ್ಡಿನ ಸೌಧಗಳಿಂದಲೂ ಪೀಣ್ಯದ ಕಾರ್ಖಾನೆಗಳಿಂದಲೂ ಇರುಳಿಡೀ ಮೇಲೇಳುವ ಪ್ರಭೆಯಲ್ಲಿ ಆಕಾಶಗಂಗೆಯೇ ಮರೆಯಾಗಿರುವಾಗ, ಇಲ್ಲಿನ ಹವ್ಯಾಸಿ ಖಗೋಳಾಸಕ್ತರು ನೀಹಾರಿಕೆಗಳ ಛಾಯಾಗ್ರಹಣದ ಆಸೆಯನ್ನು ತೊರೆಯಬೇಕೆಂಬ ಭಾವನೆ ಬೇರೂರಿರುವುದು ಸಹಜವೇ. ನ್ಯಾರೋಬ್ಯಾಂಡ್ ಫಿಲ್ಟರುಗಳು ಆ ನಿರಾಶೆಯನ್ನು ನೀಗಿರುವುವಾದರೂ, ಅವುಗಳ ಕುರಿತು ಬೇರೆ ಭ್ರಮೆಗಳು ಹುಟ್ಟಿಕೊಂಡಿವೆ.

ತಪ್ಪು ಕಲ್ಪನೆ: ನಗರದಿಂದ ನೀಹಾರಿಕೆಯ ಚಿತ್ರ ಅಸಾಧ್ಯ.

ಸತ್ಯ: ಸಮೀಪದ ತಾರೆಗಳ ಅತಿನೇರಳೆ ಕಿರಣಗಳಿಂದ ಉದ್ದೀಪ್ತವಾದ ನೀಹಾರಿಕೆಯ ಅನಿಲವು ಸಕಲ ವರ್ಣಗಳನ್ನೂ ಸೂಸದೆ, ಕೆಲವೇ ನಿಯತ ತರಂಗಾಂತರಗಳಲ್ಲಿ ಪ್ರಧಾನವಾಗಿ ಬೆಳಗುತ್ತದೆ. ಜಲಜನಕದ ರೇಖೆಯು 656.3 ನ್ಯಾನೊಮೀಟರಿನಲ್ಲಿಯೂ, ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ್ದು 500.7ರಲ್ಲಿಯೂ, ಒಂದನ್ನು ಕಳೆದುಕೊಂಡ ಗಂಧಕದ ಜೋಡಿರೇಖೆಗಳು 671.6 ಮತ್ತು 673.1ರಲ್ಲಿಯೂ ಇವೆ. ಬೀದಿಯ ಎಲ್‌ಇಡಿ ದೀಪದ ಬೆಳಕಾದರೋ ವರ್ಣಪಟಲದ ಉದ್ದಕ್ಕೂ ಹರಡಿಕೊಂಡಿದೆ. ಆದುದರಿಂದ 3ರಿಂದ 7 ನ್ಯಾನೊಮೀಟರಿನಷ್ಟೇ ಅಗಲದ ಕಿಂಡಿಯನ್ನು ಫಿಲ್ಟರು ಇವುಗಳಲ್ಲೊಂದು ರೇಖೆಗೆ ಎದುರಾಗಿ ತೆರೆದರೆ, ನಗರಪ್ರಭೆಯ ಬಹುಭಾಗವು ಹೊರಗುಳಿದು ನೀಹಾರಿಕೆಯ ಬೆಳಕು ಒಳಬರುತ್ತದೆ. ಬೆಳದಿಂಗಳೂ ಹೆಚ್ಚಾಗಿ ಬಾಧಿಸದು.

ತಪ್ಪು ಕಲ್ಪನೆ: ಫಿಲ್ಟರು ನೀಹಾರಿಕೆಯನ್ನು ಪ್ರಕಾಶಗೊಳಿಸುತ್ತದೆ.

ಸತ್ಯ: ಅದು ಬೆಳಕನ್ನು ಕೂಡಿಸದು, ಕಳೆಯುತ್ತದೆ. ಅದರಿಂದಲೇ ಭೂಭ್ರಮಣವನ್ನು ಅನುಸರಿಸಿ ತಿರುಗುವ ಪೀಠದ ಮೇಲೆ ದೂರದರ್ಶಕವನ್ನಿರಿಸಿ, ನಿಮಿಷಗಟ್ಟಲೆ ಅವಧಿಯ ಅನೇಕ ಚಿತ್ರಗಳನ್ನು ತೆಗೆದು ಒಂದುಗೂಡಿಸಬೇಕಾಗುತ್ತದೆ.

ತಪ್ಪು ಕಲ್ಪನೆ: ಆ ಚಿತ್ರಗಳ ಬಣ್ಣ ಬರಿಯ ಕಲ್ಪನೆ.

ಸತ್ಯ: ಜಲಜನಕ, ಗಂಧಕಗಳ ರೇಖೆಗಳೆರಡೂ ಕಣ್ಣಿಗೆ ಕೆಂಪೇ ಆದುದರಿಂದ, ಅವುಗಳ ಭೇದವನ್ನು ತೋರಲು ವರ್ಣಗಳನ್ನು ನಿಯಮಪೂರ್ವಕವಾಗಿ ಹಂಚಲಾಗುತ್ತದೆ. ಹಬಲ್ ದೂರದರ್ಶಕವು 1995ರಲ್ಲಿ ತೆಗೆದ ಈಗಲ್ ನೀಹಾರಿಕೆಯ ಸ್ತಂಭಗಳ ಸುಪ್ರಸಿದ್ಧ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಸಂದಿವೆ. ಬಣ್ಣವು ಸಂಕೇತ, ಯಾವ ಧಾತು ಎಲ್ಲಿ ಬೆಳಗುತ್ತಿದೆಯೆಂಬುದು ಯಥಾರ್ಥ.

ತಪ್ಪು ಕಲ್ಪನೆ: ಫಿಲ್ಟರಿದ್ದ ಮೇಲೆ ಕತ್ತಲೆಯ ಆಕಾಶವೇ ಅನಾವಶ್ಯಕ.

ಸತ್ಯ: ತಾರಾಸಮೂಹಗಳಾದ ಗೆಲಾಕ್ಸಿಗಳೂ, ಕೃತ್ತಿಕೆಯ ಸುತ್ತ ತಾರಾಪ್ರಭೆಯನ್ನು ಚದುರಿಸುವ ಧೂಳೂ ಬೀದಿದೀಪದಂತೆಯೇ ಅವಿಚ್ಛಿನ್ನ ವರ್ಣಪಟಲವುಳ್ಳವು, ಅಲ್ಲಿ ಈ ಉಪಾಯ ಸಾಗದು, ಕತ್ತಲೆಯೇ ಬೇಕು. ವೈಟ್‌ಫೀಲ್ಡಿಗೆ ಸಮೀಪದ ಹೊಸಕೋಟೆಯಿಂದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ನಡೆಸುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವು ನೆಲೆಗೊಂಡಿರುವುದು ದೂರದ ಲಡಾಖಿನ ಹಾನ್ಲೆಯಲ್ಲಿ, ನಿರ್ಮಲವಾದ ಕತ್ತಲೆಯಲ್ಲಿ. ಮೇಲ್ಮುಖವಾಗಿ ಬೆಳಕು ಚೆಲ್ಲುವ ದೀಪಗಳಿಗೆ ಮರೆಯೊಡ್ಡುವುದೂ, ಅಗತ್ಯವಿಲ್ಲದವುಗಳನ್ನು ಆರಿಸುವುದೂ ಇಲ್ಲಿನ ಕಾರ್ಖಾನೆ, ಕಛೇರಿ, ವಸತಿ ಸಮುಚ್ಚಯಗಳೆಲ್ಲವುಗಳ ಕರ್ತವ್ಯವೆಂದು ನಾವು ಅರಿಯಬೇಕು.