ಪ್ರೀಪೇಯ್ಡ್ ಮೊಬೈಲ್ ಶುಲ್ಕ: ಗ್ರಾಹಕರು ತಿಳಿದಿರಬೇಕಾದ ನಿಯಮಗಳು

ತುಮಕೂರು ಜಿಲ್ಲೆಯ ಚನ್ನರಾಯನದುರ್ಗ ಹೋಬಳಿಯಲ್ಲಾಗಲಿ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳಲ್ಲಾಗಲಿ ಕೇವಲ ಮಾತನಾಡುವ ಸಲುವಾಗಿ ಮೊಬೈಲ್ ಇಟ್ಟುಕೊಂಡಿರುವ ರೈತರು, ಕೂಲಿಕಾರ್ಮಿಕರು ಹಾಗೂ ಹಿರಿಯ ನಾಗರಿಕರು ಇದ್ದಾರೆ. ಇಂತಹ ಗ್ರಾಹಕರ ಸಾಮಾನ್ಯ ದೂರುಗಳು ಎರಡು: ತಿಂಗಳು ತುಂಬುವ ಮೊದಲೇ ರೀಚಾರ್ಜ್ ಮುಗಿಯುವುದು ಮತ್ತು ಕೇಳದಿದ್ದ ಸೇವೆಗೆ ಹಣ ಕಡಿತವಾಗುವುದು. ಈ ಎರಡಕ್ಕೂ ನಿಯಮಗಳಲ್ಲಿ ಪರಿಹಾರವಿದೆ.

2003ರಿಂದ ಒಳಬರುವ ಕರೆಗಳು ಉಚಿತವಾದವು. ಆದರೆ 2018ರ ಕೊನೆಯಲ್ಲಿ ಖಾಸಗಿ ಕಂಪನಿಗಳು ಕನಿಷ್ಠ ರೀಚಾರ್ಜ್ ಪದ್ಧತಿಯನ್ನು ತಂದ ಮೇಲೆ, ಕರೆ ಸ್ವೀಕರಿಸಲು ಸಹ ಅವಧಿಯುಳ್ಳ ಯೋಜನೆ ಬೇಕಾಯಿತು. ಈ ಯೋಜನೆಗಳ ಪೈಕಿ ಹಲವು 28 ದಿನಗಳವು. ಇದನ್ನು ತಿಂಗಳೆಂದು ಭಾವಿಸುವ ಗ್ರಾಹಕರು ವರ್ಷಕ್ಕೆ 12 ಬಾರಿಯಲ್ಲ, 13 ಬಾರಿ ಹಣ ತೆರುತ್ತಾರೆ. ಟ್ರಾಯ್ ಎಂದು ಕರೆಯಲ್ಪಡುವ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರ ಜನವರಿಯಲ್ಲಿ ಆದೇಶ ಹೊರಡಿಸಿ, ಪ್ರತಿ ಕಂಪನಿಯೂ 30 ದಿನಗಳ ಯೋಜನೆಯನ್ನೂ, ಪ್ರತಿ ತಿಂಗಳು ಅದೇ ದಿನಾಂಕದಂದು ನವೀಕರಿಸಬಹುದಾದ ಯೋಜನೆಯನ್ನೂ ನೀಡಬೇಕೆಂದು ವಿಧಿಸಿತು. ಅಂಗಡಿಯಲ್ಲಿ ಇದನ್ನು ಹೆಸರಿಟ್ಟು ಕೇಳುವುದು ಸೂಕ್ತ. ಕೇಳದ ಹೊರತು ತೋರಿಸುವವರು ವಿರಳ.

ಅಂತರ್ಜಾಲದ ಅಗತ್ಯವಿಲ್ಲದವರಿಗಾಗಿ ಕರೆ ಮತ್ತು ಸಂದೇಶ ಮಾತ್ರವಿರುವ ವೋಚರ್ ಒದಗಿಸುವುದನ್ನು 2024ರ ಡಿಸೆಂಬರ್ ತಿಂಗಳ ತಿದ್ದುಪಡಿಯು ಕಡ್ಡಾಯಗೊಳಿಸಿತು. ವಿಶೇಷ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಹೆಚ್ಚಿಸಿತು. ಅದರನ್ವಯ 2025ರ ಜನವರಿಯಲ್ಲಿ ಖಾಸಗಿ ಕಂಪನಿಗಳು ಮುಖ್ಯವಾಗಿ 84 ಮತ್ತು 365 ದಿನಗಳ ವೋಚರುಗಳನ್ನು ಹೊರತಂದವು. ದಿನಗೂಲಿ ನಂಬಿದವರಿಗೆ ಇಷ್ಟು ಹಣವನ್ನು ಒಮ್ಮೆಗೇ ಹೊಂದಿಸುವುದು ಸುಲಭವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ರೀಚಾರ್ಜ್ ಮಾಡದೆ ಬಿಟ್ಟರೆ ಸಂಖ್ಯೆಯೇ ಕೈತಪ್ಪಬಹುದು. ಬ್ಯಾಂಕ್ ಖಾತೆ, ಆಧಾರ್, ಪಿಂಚಣಿಗೆ ಅದೇ ಸಂಖ್ಯೆ ಜೋಡಣೆಯಾಗಿದ್ದಲ್ಲಿ ನಷ್ಟ ದೊಡ್ಡದು, ಏಕೆಂದರೆ ರದ್ದಾದ ಸಂಖ್ಯೆಯು ಕಾಲಾನಂತರ ಬೇರೊಬ್ಬರಿಗೆ ಹಂಚಿಕೆಯಾಗುತ್ತದೆ. 2013ರ ನಿಯಮದಂತೆ, 90 ದಿನಗಳಿಗಿಂತ ಕಡಿಮೆ ಅವಧಿ ಬಳಸದೆ ಇದ್ದ ಕಾರಣಕ್ಕೆ ಪ್ರೀಪೇಯ್ಡ್ ಸಂಖ್ಯೆಯನ್ನು ರದ್ದುಪಡಿಸುವಂತಿಲ್ಲ, ಖಾತೆಯಲ್ಲಿ ರೂ. 20 ಅಥವಾ ಹೆಚ್ಚು ಉಳಿದಿದ್ದಲ್ಲಿ ಆ ಮೊತ್ತ ಕಡಿತಗೊಂಡು 30 ದಿನ ಮುಂದುವರೆಯುತ್ತದೆ.

ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿ ಮುಂತಾದ ಮೌಲ್ಯವರ್ಧಿತ ಸೇವೆಗಳನ್ನು ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಆರಂಭಿಸುವಂತಿಲ್ಲ. 2013ರ ನಿರ್ದೇಶನದ ಮೇರೆಗೆ ಒಪ್ಪಿಗೆಯನ್ನು ಎರಡು ಬಾರಿ ಪಡೆಯಬೇಕು. ಸೇವೆಯನ್ನು ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆಯನ್ನು ಗೊತ್ತುಪಡಿಸಲಾಗಿದೆ. ಸೇವೆ ಆರಂಭವಾದ 24 ಗಂಟೆಗಳೊಳಗೆ ನಿಲ್ಲಿಸಲು ಕೋರಿದಲ್ಲಿ ಕಡಿತವಾದ ಹಣವನ್ನು ಮರಳಿಸತಕ್ಕದ್ದು. ಹಣ ಯಾವ ಬಾಬ್ತಿಗೆ ಹೋಯಿತೆಂಬುದು ತಿಳಿಯದಿದ್ದಲ್ಲಿ, ಪ್ರೀಪೇಯ್ಡ್ ಗ್ರಾಹಕರು ಸಹ ಹಿಂದಿನ ಆರು ತಿಂಗಳವರೆಗಿನ ವಿವರವಾದ ಲೆಕ್ಕಪಟ್ಟಿಯನ್ನು ಕೋರಬಹುದು. ಇದಕ್ಕೆ ರೂ. 50ಕ್ಕಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಮುಂದೆ ದೂರು ನೀಡುವಾಗ ಅತ್ಯಂತ ಉಪಯುಕ್ತವಾಗುವ ದಾಖಲೆ ಇದೇ.

ದೂರನ್ನು ಮೊದಲು ಕಂಪನಿಯ ದೂರು ಕೇಂದ್ರದಲ್ಲಿ, ಅಂದರೆ 198 ಸಂಖ್ಯೆಯಲ್ಲಿ ದಾಖಲಿಸಿ, ನೋಂದಣಿ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳತಕ್ಕದ್ದು. ಉತ್ತರ ತೃಪ್ತಿಕರವಲ್ಲದಿದ್ದಲ್ಲಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಟ್ರಾಯ್ ಬಿಡಿ ಗ್ರಾಹಕರ ದೂರುಗಳನ್ನು ತಾನೇ ಇತ್ಯರ್ಥಪಡಿಸುವುದಿಲ್ಲ. ಅಲ್ಲಿಗೆ ಅರ್ಜಿ ಬರೆದು ಕಾಯುವುದರಿಂದ ಕಾಲಹರಣವಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಹ ಸಂಪರ್ಕಿಸಬಹುದು.

ದೂರವಾಣಿ ವಿವಾದಗಳು ಗ್ರಾಹಕರ ವೇದಿಕೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ್ದ ತೀರ್ಪಿನಿಂದ ಹಲವು ವರ್ಷ ಅಡ್ಡಿಯಾಗಿತ್ತು. 2022ರ ಫೆಬ್ರುವರಿ 16ರಂದು ಅದೇ ನ್ಯಾಯಾಲಯವು ಗ್ರಾಹಕರು ಅಲ್ಲಿ ದೂರು ಸಲ್ಲಿಸಬಹುದೆಂದು ಸ್ಪಷ್ಟಪಡಿಸಿತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ದೂರುದಾರರು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ನೀಡಬಹುದಾದ್ದರಿಂದ ಚನ್ನರಾಯನದುರ್ಗದ ನಿವಾಸಿಗಳು ತುಮಕೂರಿನ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. ಸೇವೆಗೆ ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ, ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದೂರಿನ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ, ಕಂಪನಿಯ ದೂರು ನೋಂದಣಿ ಸಂಖ್ಯೆ ಮತ್ತು ಲೆಕ್ಕಪಟ್ಟಿಯ ಪ್ರತಿಯೊಂದಿಗೆ ಸಲ್ಲಿಸುವುದು.