ಕಿಟಿಕಿಯ ರಬ್ಬರ್ ಹೋದರೆ ಬಾಗಿಲೂ ಹೋದೀತು!
ಪತ್ತನಾಜೆಗೆ ಮುನ್ನ ಹಳೆ ಅಂಬಾಸಿಡರ್‌ಗೂ ಬೇಕು ಆರೈಕೆ

ಬದಿಯಡ್ಕ: ಮಳೆಗಾಲ ಹತ್ತಿರ ಬಂತೆಂದರೆ ಗಡಿನಾಡಿನ ಕೃಷಿಕರಿಗೆ ಕೈತುಂಬ ಕೆಲಸ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಬೇಕು, ಕಟ್ಟಿಗೆ ಒಳಗೆ ಹಾಕಬೇಕು, ಮಾಡಿನ ಒಡೆದ ಹಂಚು ಬದಲಿಸಬೇಕು. ಇಷ್ಟೆಲ್ಲ ಮುಗಿಸಿದ ಮೇಲೂ ಕೆಲವು ಮನೆಗಳಲ್ಲಿ ಒಂದು ಕೆಲಸ ಬಾಕಿ ಉಳಿಯುತ್ತದೆ. ಅದು ಶೆಡ್ಡಿನಲ್ಲಿ ನಿಂತ ಹಳೆ ಅಂಬಾಸಿಡರ್ ಕಾರಿನ ಕಿಟಿಕಿಯ ರಬ್ಬರ್.

ಬಾಕಿ ಉಳಿಸಿದ್ದರ ಫಲ ನಾವೂ ಉಂಡಿದ್ದೇವೆ. ನಮ್ಮ ಮನೆಯದು 1980ರ ದಶಕದ ಮಾರ್ಕ್-4. ಅಪ್ಪ ಮಾಷ್ಟ್ರಾಗಿದ್ದಾಗ ಕೊಂಡದ್ದು. ಅಕ್ಕನ ಮದುವೆ ದಿಬ್ಬಣ ಹೋದದ್ದು ಅದರಲ್ಲಿ, ಅಜ್ಜನನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ದದ್ದೂ ಅದರಲ್ಲೇ. ಹಿಂದಿನ ಸೀಟಿನ ಎಡಬದಿಯಲ್ಲಿ ಕೂತವರ ಮೊಣಕೈ ಮಳೆಗಾಲದಲ್ಲಿ ಒದ್ದೆಯಾಗುವುದು ಮಾಮೂಲು. ‘ಒಂದು ಬೈರಾಸು ಇಟ್ಕೊಳ್ಳಿ’ ಎಂಬುದೇ ನಮ್ಮ ಪರಿಹಾರವಾಗಿತ್ತು. ಬಾಗಿಲಿನ ಅಡಿಯ ತೂತುಗಳಿಂದ ನೀರು ತೊಟ್ಟಿಕ್ಕುವುದನ್ನು ಕಂಡು, ಸೋರುವುದು ಅಲ್ಲೇ ಎಂದು ತಿಳಿದು ನಾನೇ ಪುಟ್ಟಿ ಹಾಕಿ ಮುಚ್ಚಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ಬಾಗಿಲಿನ ಕೆಳ ಅಂಚನ್ನು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಟಿಂಕರಿಂಗ್ ಮೇಸ್ತ್ರಿ ನೋಡಿ ತಲೆ ಅಲ್ಲಾಡಿಸಿದರು. “ಆ ತೂತು ಕಂಪೆನಿಯವರೇ ಇಟ್ಟದ್ದು ಮಾರಾಯ್ರೆ, ನೀರು ಹೊರಗೆ ಹೋಗ್ಲಿಕ್ಕೆ. ನೀವು ಅದನ್ನೇ ಮುಚ್ಚಿದ್ರಿ, ಮೇಲಿನ ರಬ್ಬರ್ ಹಾಗೇ ಬಿಟ್ರಿ. ಈಗ ತಗಡು ಕತ್ತರಿಸಿ ಹೊಸತು ವೆಲ್ಡಿಂಗ್ ಮಾಡದೆ ಬೇರೆ ದಾರಿ ಇಲ್ಲ.”

ನೀರು ಹೋಗುವ ದಾರಿ

ಕಾರಿನ ಗಾಜು ಇಳಿಯುವುದು ಬಾಗಿಲಿನ ಹೊಟ್ಟೆಯೊಳಕ್ಕೆ. ಹಾಗಾಗಿ ಗಾಜಿನ ಮೇಲೆ ಬಿದ್ದ ಮಳೆನೀರು ಸ್ವಲ್ಪವಾದರೂ ಒಳಗಿಳಿಯುವುದೇ. ಇಳಿದ ನೀರು ಅಡಿಯ ತೂತುಗಳಿಂದ ಹೊರಬೀಳುತ್ತದೆ. ಆ ‘ಸ್ವಲ್ಪ’ವನ್ನು ಸ್ವಲ್ಪವಾಗಿಯೇ ಇಡುವುದು ರಬ್ಬರಿನ ಕೆಲಸ. ಗಾಜು ಬಾಗಿಲಿನೊಳಕ್ಕೆ ಇಳಿಯುವಲ್ಲಿ ಒಳಗೂ ಹೊರಗೂ ಒಂದೊಂದು ರಬ್ಬರ್ ಪಟ್ಟಿ ಗಾಜನ್ನು ಒರೆಸುತ್ತಿರುತ್ತದೆ. ಗಾಜು ಜಾರುವ ಚೌಕಟ್ಟಿನಲ್ಲಿ ಮಖಮಲ್ಲಿನಂಥ ಬಟ್ಟೆಯ ಚಾನೆಲ್ ಇದೆ. ಬಾಗಿಲಿನ ಸುತ್ತ ಇರುವುದು ಬೇರೆ, ಅದು ಡೋರ್ ಬೀಡಿಂಗ್.

ಬಿಸಿಲಿಗೂ ಗಾಳಿಯಲ್ಲಿರುವ ಓಝೋನಿಗೂ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಆಗ ನೀರಿನ ಜತೆ ಧೂಳು, ಎಲೆಚೂರು ಒಳಸೇರಿ ಕೆಸರಾಗಿ ಅಡಿಯ ತೂತು ಕಟ್ಟುತ್ತವೆ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಮತ್ತೆ ಕೇಳಬೇಕೆ? ತುಕ್ಕು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೈಂಟು ಉಬ್ಬಿ ಕಾಣುವಾಗ ಅರ್ಧ ತಗಡು ಹೋಗಿರುತ್ತದೆ.

ಬದಲಿಸುವುದು ಹೇಗೆ?

ಗಾಜು ಪೂರ್ತಿ ಇಳಿಸಿ, ತಿರುಗಿಸುವ ಹ್ಯಾಂಡಲಿನ ಪಿನ್ನು ಅಥವಾ ಸ್ಕ್ರೂ ತೆಗೆಯಬೇಕು. ಬಳಿಕ ಒಳಗಿನ ಡೋರ್ ಪ್ಯಾಡ್ ಬಿಚ್ಚಬೇಕು. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿಯದಂತೆ ನೋಡಿಕೊಳ್ಳಿ. ಸೀಟಿನ ಬದಿಗೆ ನೀರು ಬಾರದಂತೆ ತಡೆಯುವುದು ಅದೇ. ಹಳೆ ರಬ್ಬರನ್ನು ಎಳೆದು ತುಂಡು ಮಾಡಬೇಡಿ. ಅಳತೆಗೂ ಅಂಗಡಿಯಲ್ಲಿ ತೋರಿಸಲಿಕ್ಕೂ ಅದು ಬೇಕು.

ರಬ್ಬರ್ ಕೂರುವ ಜಾಗದ ತುಕ್ಕನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಹಚ್ಚಿ, ಚೆನ್ನಾಗಿ ಒಣಗಲು ಬಿಡಿ. ಬಾಗಿಲಿನ ಹೊಟ್ಟೆಯ ಕೆಸರು ತೆಗೆದು ಅಡಿಯ ತೂತುಗಳನ್ನು ಹಿಡಿಸೂಡಿ ಕಡ್ಡಿಯಿಂದ ಬಿಡಿಸಿ. ಹೊಸ ಪಟ್ಟಿಯನ್ನು ಹಳೆಯದಕ್ಕಿಂತ ತುಸು ಉದ್ದವೇ ಕತ್ತರಿಸಿ. ಹೆಚ್ಚಾದದ್ದನ್ನು ಆಮೇಲೆ ತೆಗೆಯಬಹುದು, ಕಡಿಮೆಯಾದದ್ದನ್ನು ಎಳೆದು ಕೂರಿಸಿದರೆ ಮತ್ತೆ ಕುಗ್ಗಿ ಮೂಲೆಯಲ್ಲಿ ಸಂದು ಬಿಡುತ್ತದೆ.

ದಪ್ಪ ರಬ್ಬರ್ ಹಾಕಿದರೆ ಒಳ್ಳೆಯದೆಂಬ ಭ್ರಮೆ ಬೇಡ. ಗಾಜು ಬಿಗಿಯಾಗಿ, ಅದನ್ನು ಎತ್ತುವ ಮೆಷಿನಿನ ಹಲ್ಲು ಸವೆಯುತ್ತದೆ. ಡೋರ್ ಬೀಡಿಂಗ್ ದಪ್ಪವಾದರೆ ಬಾಗಿಲೇ ಹಾಕಲಿಕ್ಕಾಗುವುದಿಲ್ಲ. ಗಾಜು ಬಿಗಿ ಎಂದು ಗ್ರೀಸ್, ಆಯಿಲ್ ಹಚ್ಚಲೂಬಾರದು. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಸ್ಪ್ರೇ ಸಾಕು.

ಅಂಗಡಿಯಲ್ಲಿ ಇ.ಪಿ.ಡಿ.ಎಂ. ರಬ್ಬರ್ ಕೇಳಿ ಪಡೆಯಿರಿ. ಇದು ಕೃತಕ ರಬ್ಬರ್. ನೈಸರ್ಗಿಕ ರಬ್ಬರಿನಷ್ಟು ಬೇಗ ಬಿಸಿಲಿಗೆ, ಓಝೋನಿಗೆ ಬಿರಿಯುವುದಿಲ್ಲ. ಮನೆ ಸುತ್ತ ರಬ್ಬರ್ ತೋಟವೇ ಇದ್ದರೂ ಈ ಕೆಲಸಕ್ಕೆ ಕೃತಕವೇ ಸೈ!

ಪರೀಕ್ಷೆ ಸುಲಭ

ಬಾಗಿಲಿನ ಸಂದಿಗೆ ಒಂದು ಕಾಗದದ ತುಂಡು ಇಟ್ಟು ಹಾಕಿ, ಎಳೆದು ನೋಡಿ. ಹಿಡಿದು ಬಂದರೆ ಬೀಡಿಂಗ್ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ. ಹೀಗೆ ಸುತ್ತಲೂ ನೋಡಬೇಕು. ಆಮೇಲೆ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಮೊದಲು ಕೆಳಗೆ, ಬಳಿಕ ಮೇಲೆ. ಒಮ್ಮೆಗೇ ಮೇಲಿನಿಂದ ಸುರಿದರೆ ಸೋರಿಕೆ ಎಲ್ಲಿಯದೆಂದು ಗೊತ್ತಾಗುವುದಿಲ್ಲ. ಅಡಿಯ ತೂತಿನಿಂದ ನೀರು ಬಿದ್ದರೆ ಗಾಬರಿ ಬೇಡ. ಬೀಳದಿದ್ದರೇ ಚಿಂತಿಸಬೇಕು.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಅಂಬಾಸಿಡರ್ ತಯಾರಿ ನಿಲ್ಲಿಸಿದ್ದು 2014ರಲ್ಲಿ. ಪಟ್ಟಿ ರಬ್ಬರನ್ನಾದರೂ ಹಳೆ ತುಂಡು ತೋರಿಸಿ, ಹೋಲುವುದನ್ನು ಹುಡುಕಬಹುದು. ಒಳ್ಳೆಯ ಬಾಗಿಲು ಹುಡುಕುವುದು ಅಷ್ಟು ಸುಲಭವಲ್ಲ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ತಪಾಸಣೆಗೆ ತುಕ್ಕು ತಿಂದ ಕಾರು ಒಯ್ಯುವುದು ಯಾರಿಗೂ ಹಿತವಲ್ಲ. ಎಷ್ಟೋ ಹಳೆ ಕಾರುಗಳು ಗುಜರಿಗೆ ಹೋಗುವುದು ಇಂಜಿನ್ ಕೆಟ್ಟು ಅಲ್ಲ, ಬಾಡಿ ಕುಂಬಾಗಿ.

ನಮ್ಮ ಬಾಗಿಲಿಗೆ ಮೇಸ್ತ್ರಿ ಹೊಸ ತಗಡು ಹಾಕಿದರು, ನಾಲ್ಕೂ ಕಿಟಿಕಿಗೆ ಹೊಸ ರಬ್ಬರ್ ಕೂರಿಸಿದರು. ರಬ್ಬರಿಗೆ ಕೊಟ್ಟದ್ದಕ್ಕಿಂತ ತಗಡಿನ ಕೆಲಸಕ್ಕೆ ಕೊಟ್ಟದ್ದೇ ಎಷ್ಟೋ ಹೆಚ್ಚು. ಆಟಿಯ ಒಂದು ಜಡಿಮಳೆಗೆ ಅಮ್ಮನನ್ನು ಕುಂಬಳೆಗೆ ಕರೆದೊಯ್ದೆವು. ಎಂದಿನಂತೆ ಅಮ್ಮ ಎಡಬದಿಯಲ್ಲಿ ಬೈರಾಸು ಹಿಡಿದೇ ಕೂತಿದ್ದರು. ಮನೆಗೆ ಬಂದು ಇಳಿಯುವಾಗ ಅದನ್ನು ಮಡಚಿ ನನ್ನ ಕೈಗೆ ಕೊಟ್ಟು, “ಇದನ್ನು ಇನ್ನು ಒಳಗೆ ಇಡು” ಎಂದರು.

ಈ ಬಾರಿ ತೋಟಕ್ಕೆ ಮದ್ದು ಬಿಡುವ ಮೊದಲು ಶೆಡ್ಡಿಗೂ ಒಮ್ಮೆ ಹೋಗಿ ಬನ್ನಿ. ಕಿಟಿಕಿಯ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿ ಎದ್ದು ಬಂದರೆ ಸರಿ. ಗಟ್ಟಿಯಾಗಿ ಬಿರಿದಿದ್ದರೆ ಪತ್ತನಾಜೆಯವರೆಗೆ ಕಾಯಬೇಡಿ.