ಡಿಜಿಟಲ್ ಹಿಡಿತದ ಅನಲಾಗ್ ಕ್ರಾಸೋವರ್: ಐದು ತಪ್ಪು ಕಲ್ಪನೆಗಳು

ಮಂದ್ರ ಸ್ವರಗಳನ್ನು ವೂಫರ್‌ಗೂ ತಾರ ಸ್ವರಗಳನ್ನು ಟ್ವೀಟರ್‌ಗೂ ಹಂಚುವುದು ಕ್ರಾಸೋವರ್‌ನ ಕೆಲಸ. ಆಂಪ್ಲಿಫೈಯರ್‌ಗೆ ಮೊದಲೇ ಹಂಚಿಕೆ ಮುಗಿಸಿ, ಒಂದೊಂದಕ್ಕೂ ಬೇರೆ ಆಂಪ್ಲಿಫೈಯರ್ ಕೊಟ್ಟರೆ ಅದು ಆಕ್ಟಿವ್ ಕ್ರಾಸೋವರ್. ಅದರ ಹೊಂದಾಣಿಕೆಯನ್ನು ಮೈಕ್ರೋಕಂಟ್ರೋಲರ್‌ಗೆ ಒಪ್ಪಿಸಹೊರಟ ಹವ್ಯಾಸಿಗಳು ಎಡವುವುದು ಹೆಚ್ಚಾಗಿ ಈ ಐದು ಕಡೆ.

ತಪ್ಪು ಕಲ್ಪನೆ 1: ಡಿಜಿಟಲ್ ಚಿಪ್ ಸೇರಿದರೆ ಧ್ವನಿಯೂ ಡಿಜಿಟಲ್ ಆಗುತ್ತದೆ.

ಸತ್ಯ: ಆಗುವುದಿಲ್ಲ. ಅಂಕಿಗಳು ತಲುಪುವುದು ಚಿಪ್ಪಿನೊಳಗಿನ ಸ್ವಿಚ್ಚುಗಳನ್ನು ಮಾತ್ರ. ಧ್ವನಿ ಹರಿಯುವುದು ರೆಸಿಸ್ಟರ್, ಕೆಪಾಸಿಟರ್, ಆಪ್-ಆಂಪ್‌ಗಳಲ್ಲೇ. ನಲ್ಲಿ ತಿರುಗಿಸುವ ಕೈ ಬದಲಾದರೆ ನೀರು ಬದಲಾಗದು.

ತಪ್ಪು ಕಲ್ಪನೆ 2: ಡಿಜಿಟಲ್ ಪಾಟ್ ಮಾಮೂಲಿ ಪಾಟ್‌ಗಿಂತ ನಿಖರ.

ಸತ್ಯ: ಪಾಟ್ ಅಂದರೆ ಬದಲಿಸಬಹುದಾದ ರೋಧ; ಡಿಜಿಟಲ್ ಪಾಟ್ ಅದನ್ನು ಆದೇಶದಂತೆ ಹೆಜ್ಜೆ ಹೆಜ್ಜೆಯಾಗಿ ಬದಲಿಸುವ ಚಿಪ್. ಹೆಜ್ಜೆಗಳ ಎಣಿಕೆ ನಿಖರ, ರೋಧ ಅಲ್ಲ. ಜನಪ್ರಿಯ ಎಂಸಿಪಿ 41010 ಚಿಪ್ಪನ್ನೇ ನೋಡಿ. ಹೆಸರಿಗೆ 10 ಕಿಲೋ ಓಮ್. ವಾಸ್ತವದಲ್ಲಿ 8ರಿಂದ 12ರ ನಡುವೆ ಎಲ್ಲಾದರೂ ಇರಬಹುದು. ಸ್ವರಗಳನ್ನು ಹಂಚುವ ಫಿಲ್ಟರ್‌ನ ಆವೃತ್ತಿ ರೋಧಕ್ಕೆ ವಿಲೋಮವಾದ್ದರಿಂದ 256 ಹೆಜ್ಜೆಗಳೂ ಸಮನಲ್ಲ: ಮೇಲ್ತುದಿಯಲ್ಲಿ ಒಂದು ಹೆಜ್ಜೆಗೆ ಆವೃತ್ತಿ ಶೇ. 0.4ರಷ್ಟು ಸರಿದರೆ, ತೀರಾ ತಳದಲ್ಲಿ ಶೇ. 20ಕ್ಕೂ ಹೆಚ್ಚು ಜಿಗಿಯುತ್ತದೆ. ಲಿಂಕ್ವಿಟ್ಜ್ ಮತ್ತು ರೈಲಿ 1976ರಲ್ಲಿ ತೋರಿಸಿಕೊಟ್ಟ ಫಿಲ್ಟರ್‌ನಲ್ಲಿ, ಸಂಧಿಸುವ ಆವೃತ್ತಿಯಲ್ಲಿ ಎರಡೂ ದಾರಿಗಳು 6 ಡೆಸಿಬೆಲ್ ತಗ್ಗಿರುತ್ತವೆ. ಕೂಡಿದಾಗ ಪೂರ್ಣ ಮಟ್ಟ ಬರುತ್ತದೆ. ಒಂದು ದಾರಿಯ ಪಾಟ್ 8 ಕಿಲೋ ಓಮ್, ಇನ್ನೊಂದರದು 12 ಆದರೆ ಈ ಲೆಕ್ಕವೇ ಕೆಡುತ್ತದೆ. ಒಂದೇ ಚಿಪ್ಪಿನಲ್ಲಿರುವ ಜೋಡಿ ಪಾಟ್‌ಗಳು ಪರಸ್ಪರ ಚೆನ್ನಾಗಿ ಹೊಂದುವುದರಿಂದ ಅವನ್ನು ಬಳಸಬಹುದು, ಇಲ್ಲವೇ ಶೇ. 1ರ ರೆಸಿಸ್ಟರ್‌ಗಳನ್ನು ಸ್ವಿಚ್ಚುಗಳಿಂದ ಆರಿಸಿಕೊಳ್ಳಬಹುದು.

ತಪ್ಪು ಕಲ್ಪನೆ 3: ಆನ್ ಆದ ಅನಲಾಗ್ ಸ್ವಿಚ್ ತಂತಿಗೆ ಸಮ.

ಸತ್ಯ: 4051ರಂಥ ಚಿಪ್ಪಿನ ಸ್ವಿಚ್ ಆನ್ ಆಗಿದ್ದರೂ ನೂರಾರು ಓಮ್ ಉಳಿಸಿಕೊಳ್ಳುತ್ತದೆ. ಆ ರೋಧವೂ ಧ್ವನಿಯ ವೋಲ್ಟೇಜಿನೊಂದಿಗೆ ಏರಿಳಿಯುವುದರಿಂದ ವಿಕೃತಿ ಹುಟ್ಟುತ್ತದೆ. ವೋಲ್ಟೇಜ್ ಬಹುತೇಕ ಅಲುಗದ ಆಪ್-ಆಂಪ್‌ನ ವರ್ಚುಯಲ್ ಗ್ರೌಂಡ್‌ನಲ್ಲಿ ಸ್ವಿಚ್ಚಿಗೆ ಜಾಗ ಕೊಟ್ಟರೆ ಈ ತೊಂದರೆ ತೀರಾ ಕಡಿಮೆ. ರಿಲೇ ಬಳಸಿದರೆ ಅದೂ ಇಲ್ಲ.

ತಪ್ಪು ಕಲ್ಪನೆ 4: ಮೈಕ್ರೋಕಂಟ್ರೋಲರ್ ಇದ್ದಲ್ಲಿ ಕಿರಿಕಿರಿ ಸದ್ದು ತಪ್ಪದು.

ಸತ್ಯ: ಆದೇಶ ಹೋಗುವುದು ಸೆಟ್ಟಿಂಗ್ ಬದಲಾದಾಗ ಮಾತ್ರ. ಆಮೇಲೆ ಕಂಟ್ರೋಲರನ್ನು ನಿದ್ರೆಗೆ ಕಳಿಸಬಹುದು. ಬಿಡುವಿಲ್ಲದೆ ಮಿನುಗುವ ಎಲ್ಇಡಿ ಡಿಸ್‌ಪ್ಲೇ, ಎರಡೂ ಭಾಗಗಳು ಹಂಚಿಕೊಂಡ ಗ್ರೌಂಡ್ ತಂತಿ: ಮೊದಲು ಅನುಮಾನಿಸಬೇಕಾದ್ದು ಇವನ್ನು.

ತಪ್ಪು ಕಲ್ಪನೆ 5: ಸೆಟ್ಟಿಂಗ್ ಮೆಮೊರಿಯಲ್ಲಿದ್ದರೆ ಟ್ವೀಟರ್ ಕ್ಷೇಮ.

ಸತ್ಯ: ಕರೆಂಟ್ ಬಂದ ಗಳಿಗೆಯಲ್ಲಿ 41010 ಎಚ್ಚರಗೊಳ್ಳುವುದು ನಡು ಹೆಜ್ಜೆಯಲ್ಲಿ, ಅಂದರೆ 128ರಲ್ಲಿ. ನೀವು 64ನೇ ಹೆಜ್ಜೆಯಲ್ಲಿ 2,400 ಹರ್ಟ್ಸ್‌ಗೆ ಹೊಂದಿಸಿದ್ದರೆ, ಆದೇಶ ತಲುಪುವವರೆಗೆ ಅದು ಸುಮಾರು 1,200 ಹರ್ಟ್ಸ್! ಟ್ವೀಟರ್ ತಾಳಲಾರದ ಸ್ವರಗಳು ಅದಕ್ಕೆ ನುಗ್ಗುತ್ತವೆ. ಆದ್ದರಿಂದ ಔಟ್‌ಪುಟ್‌ಗೆ ಮ್ಯೂಟ್ ರಿಲೇ ಬೇಕು. ಕರೆಂಟ್ ಇಲ್ಲದಾಗ ಅದು ಮ್ಯೂಟ್ ಆಗಿಯೇ ಇರಬೇಕು, ಸೆಟ್ಟಿಂಗ್ ಬರೆದು ಮುಗಿದ ಮೇಲಷ್ಟೇ ಧ್ವನಿ ಬಿಡಬೇಕು. ಟ್ವೀಟರ್‌ನ ಸರಣಿಯಲ್ಲೊಂದು ಕೆಪಾಸಿಟರ್ ಇದ್ದರೆ, ಪ್ರೋಗ್ರಾಮ್ ಕೈಕೊಟ್ಟ ದಿನವೂ ಡಿಸಿಯಿಂದ ಟ್ವೀಟರ್ ಸುಡದು.